ಹನ್ನೊಂದು ಹಂಚಿನ ಯಜಮಾನ

ನಮ್ಮ ಕಡೆ ಒಂದೇ ಒಂದು ಮಹಾಪ್ರಾಣ ಉದುರಿ ಮನುಷ್ಯನ ಮಾನ ಹೋಗಬಲ್ಲದು. ಚಿಕ್ಕೋಡಿ, ನಿಪ್ಪಾಣಿ, ಕಾಗವಾಡದ ಸೀಮೆಯಲ್ಲಿ ಗುಜರಿಗೆ ಗುಜರಿ ಎನ್ನುವವರು ಕಡಿಮೆ. ಹೊಳೆ ದಾಟಿ ಬಂದ ಮರಾಠಿಯ ‘ಭಂಗಾರ’ವೇ ನಮಗೆ ರೂಢಿ. ಆದರೆ ನಮ್ಮ ನಾಲಿಗೆಗೆ ಮಹಾಪ್ರಾಣದ ಮೇಲೆ ಅಂಥ ಪ್ರೀತಿಯೇನಿಲ್ಲ. ಹೀಗಾಗಿ ಭಂಗಾರದ ಅಂಗಡಿ, ಬಂಗಾರದ ಅಂಗಡಿ ಎರಡೂ ಬಾಯಲ್ಲಿ ಒಂದೇ ಆಗಿಬಿಡುತ್ತವೆ. ನಾನು ನಿವೃತ್ತನಾದ ಮೇಲೆ ಒಂದು ದಿನ ನನ್ನ ಹೆಂಡತಿಯ ತಂಗಿ ರಾಯಬಾಗದಿಂದ ಫೋನ್ ಮಾಡಿದಳು. “ಅಕ್ಕಾ, ಮಾಮಾರು ವಾರಕ್ಕ ಎರಡ ಸಲ ಬಂಗಾರದ ಅಂಗಡ್ಯಾಗ ಕುಂದರತಾರಂತಲ್ಲ? ಪಿಂಚಣಿ ರೊಕ್ಕ ಎಲ್ಲಾ ಬಂತೇನ?” ಅದನ್ನು ಕೇಳಿದ ನಮ್ಮ ಮನೆಯಾಕೆ ಎರಡು ದಿನ ನನ್ನೊಡನೆ ಬಹಳ ಮೆತ್ತಗೆ ನಡೆದುಕೊಂಡಳು. ಚಹಾದಲ್ಲಿ ಏಲಕ್ಕಿ ಕಾಣಿಸಿಕೊಂಡಿತು. ಮೂರನೆಯ ದಿನ ನಾನು ಚೀಲದಿಂದ ತುಕ್ಕು ತಿಂದ ಮೂರು ಕಿಲೋ ತೂಕದ ಹಂಚೊಂದನ್ನು ಹೊರತೆಗೆದೆ. ಏಲಕ್ಕಿ ಅಂದೇ ನಿಂತಿತು.

ನನ್ನ ಚಟ ಇಷ್ಟೇ: ಹಳೆಯ ಬೀಡಿನ ಹಂಚು ಹುಡುಕುವುದು, ತುಕ್ಕು ತೆಗೆದು ಪಳಗಿಸುವುದು, ಅದರ ಮೇಲೆ ಏನಾದರೂ ಬೇಯಿಸಿ ತಿನ್ನುವುದು. ಮೈಸೂರು ಕಡೆಯವರು ಕಾವಲಿ ಎನ್ನುತ್ತಾರೆ, ನಮ್ಮ ಮರಾಠಿ ನೆರೆಯವರು ಬಿಡಾಚಾ ತವಾ ಎನ್ನುತ್ತಾರೆ. ನಮಗೆ ಅದು ಹಂಚು. ಮನೆಯ ಮಾಡಿಗೂ ಹಂಚು, ಒಲೆಯ ಮೇಲೂ ಹಂಚು. ತಲೆ ಕಾಯುವುದು ಒಂದು, ಹೊಟ್ಟೆ ಕಾಯುವುದು ಇನ್ನೊಂದು. ಇನ್ನು ಬೀಡು ಎಂದರೆ ಎರಕದ ಕಬ್ಬಿಣ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನಾನು ‘ಬೀಡು’ ಎಂಬ ಶಬ್ದ ಬಂದಾಗಲೆಲ್ಲ ಸೈನ್ಯ ತಂಗುವ ಜಾಗ, ನೆಲೆ, ಆಶ್ರಯ ಎಂದು ಬರೆಯಿಸುತ್ತಿದ್ದೆ. ಮಕ್ಕಳ ಮನೆಯ ಒಲೆಯ ಪಕ್ಕದಲ್ಲೇ ಇನ್ನೊಂದು ಬೀಡು ಇದೆ ಎಂದು ಒಮ್ಮೆಯೂ ಹೇಳಲಿಲ್ಲ. ಆ ಪಾಪಕ್ಕೆ ಪ್ರಾಯಶ್ಚಿತ್ತ ನಿಪ್ಪಾಣಿಯಲ್ಲಿ ಆಯಿತು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು, “ಇಲ್ಲಿ ಹಳೇ ಬೀಡು ಎಲ್ಲಿ ಸಿಗತಾವ್ರಿ?” ಎಂದು ಕೇಳಿದೆ. ತಂಬಾಕಿನ ಊರು. ಆ ಪುಣ್ಯಾತ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಳೇವು ಯಾಕ್ರಿ ಸೇದತೀರಿ, ಇಲ್ಲಿ ದಿನಾ ಹೊಸಾವು ಕಟ್ಟತಾರ” ಎಂದ.

ಈ ಬೀಡಿನ ಸ್ವಭಾವ ನಮ್ಮ ಕಾಲದ ಹೆಡ್‌ಮಾಸ್ತರರ ಸ್ವಭಾವ. ಕಾಯುವುದು ತಡ, ಕಾದ ಮೇಲೆ ಆರುವುದು ಇನ್ನೂ ತಡ, ಬಗ್ಗುವುದಂತೂ ಇಲ್ಲವೇ ಇಲ್ಲ. ಅಪ್ಪಟ ಕಬ್ಬಿಣ ಕರಗಬೇಕಾದರೆ 1538 ಡಿಗ್ರಿ ಸೆಲ್ಸಿಯಸ್ ಬೇಕು. ಅದರೊಳಗೆ ಶೇಕಡಾ 4ರ ಹತ್ತಿರ ಇಂಗಾಲ ಸೇರಿಕೊಂಡರೆ 1200 ಡಿಗ್ರಿಯ ಒಳಗೇ ನೀರಾಗಿ, ಮರಳಿನ ಅಚ್ಚಿನಲ್ಲಿ ಹರಿದು ಕೂಡುತ್ತದೆ. ಆದರೆ ಅದೇ ಇಂಗಾಲ ಅದನ್ನು ಮುಂಗೋಪಿಯನ್ನಾಗಿಯೂ ಮಾಡುತ್ತದೆ. ‘ಕಬ್ಬಿಣ ಕಾದಾಗಲೇ ಬಡಿ’ ಎಂಬ ಗಾದೆ ಕಮ್ಮಾರನ ಕಬ್ಬಿಣಕ್ಕೆ ಸರಿ. ಬೀಡನ್ನು ಬಡಿದರೆ ಒಂದು ಹಂಚು ಎರಡಾಗುತ್ತದೆ, ಎರಡೂ ಕೆಲಸಕ್ಕೆ ಬರುವುದಿಲ್ಲ. ಕಾದ ಹಂಚಿಗೆ ತಣ್ಣೀರು ಸುರಿದರೂ ಅಷ್ಟೇ: ಮೇಲ್ಮೈ ಥಟ್ಟನೆ ಕುಗ್ಗುತ್ತದೆ, ಒಳಗಿನದು ಹಿಗ್ಗಿಯೇ ಇರುತ್ತದೆ, ನಡುವೆ ಬಿರುಕು. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಆದರೆ ಹಿಗ್ಗು ಕುಗ್ಗಿನ ವಿಜ್ಞಾನ ಹೇಳಿದರೆ ಸೊಸೆಯರು ಕೇಳುವುದಿಲ್ಲ ಎಂದೂ ಗೊತ್ತಿತ್ತು. ಅದಕ್ಕೆ, ಕಾದ ಹಂಚಿಗೆ ನೀರು ಹಾಕಿ ಚುಂಯ್ ಅನಿಸಿದರೆ ಮನೆಗೆ ಕೇಡು ಎಂದು ಹೇಳಿಟ್ಟರು. ಕೇಡು ಹೌದೇ ಹೌದು. ಹೊಸ ಹಂಚಿಗೆ ರೊಕ್ಕ ಕೊಡಬೇಕಾಗುತ್ತದಲ್ಲ.

ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ ಎಂಬಾತ ಮರಳಿನ ಅಚ್ಚಿನಲ್ಲಿ ಬೀಡಿನ ಪಾತ್ರೆ ಎರೆಯುವ ವಿಧಾನಕ್ಕೆ 1707ರಲ್ಲಿ ಪೇಟೆಂಟ್ ಪಡೆದ. ನಮ್ಮ ಸೀಮೆಗೆ ಎರಕದ ದೊಡ್ಡ ಹೆಸರು ಕಿರ್ಲೋಸ್ಕರರದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಮೇವು ಕತ್ತರಿಸುವ ಯಂತ್ರ ಮಾಡಿದರು, 1903ರಲ್ಲಿ ಕಬ್ಬಿಣದ ನೇಗಿಲನ್ನು ಹೊರತಂದರು. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕೊಟ್ಟ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಶೇಡಬಾಳದಲ್ಲಿ ರೈಲು ಹತ್ತಿ ಮೀರಜ್, ಸಾಂಗಲಿ ದಾಟಿದರೆ ಸ್ವಲ್ಪ ದೂರದಲ್ಲೇ ಸಿಗುತ್ತದೆ. ಇಷ್ಟು ಹತ್ತಿರದ ನೇಗಿಲನ್ನು ಕೊಳ್ಳಲು ಮೊದಮೊದಲು ರೈತರು ಒಪ್ಪಲಿಲ್ಲ. ಕಬ್ಬಿಣ ತಾಕಿದರೆ ಮಣ್ಣಿಗೆ ನಂಜಾಗುತ್ತದೆ ಎಂಬ ಭಯ! ಈ ಕತೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹಂಚಿನ ಚಟ ಹತ್ತಿದ ಮೇಲೆ ಮಾತ್ರ ಒಂದು ಹೊಸ ಪ್ರಶ್ನೆ ಹುಟ್ಟಿತು. ಮಣ್ಣಿಗೆ ನಂಜು ಎಂದ ಆ ಗೌಡರು ಬೆಳಿಗ್ಗೆ ಕಬ್ಬಿಣದ ಹಂಚಿನ ಮೇಲೆ ಸುಟ್ಟ ರೊಟ್ಟಿಯನ್ನು ತಿಂದೇ ಅಲ್ಲವೇ ಹೊಲಕ್ಕೆ ಹೋದದ್ದು? ಕಬ್ಬಿಣ ಒಳ್ಳೆಯದೋ ಕೆಟ್ಟದ್ದೋ ಎಂದು ಕಟ್ಟೆಯ ಮೇಲೆ ಚರ್ಚೆ ಮಾಡಿದವರು ಅಡುಗೆಮನೆಗೆ ಹೋಗಿ ಒಂದು ಮಾತು ಕೇಳಿದ್ದರೆ ಕಿರ್ಲೋಸ್ಕರರಿಗೆ ಎಷ್ಟೋ ತಾಪತ್ರಯ ತಪ್ಪುತ್ತಿತ್ತು.

ನನಗೆ ಈ ಚಟ ಹತ್ತಿಸಿದ್ದು ಹೊಳೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಒಟ್ಟಿಗೇ ಮೇಲೆದ್ದವು. ನಿಪ್ಪಾಣಿಯ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯೇ ನೀರಿನಡಿ ಹೋಯಿತೆಂದ ಮೇಲೆ ಹೊಳೆದಂಡೆಯ ನಮ್ಮ ಊರಿನ ಪಾಡು ಕೇಳಬೇಕೇ? ಅವ್ವ ತಮ್ಮನ ಮನೆಯಲ್ಲಿದ್ದಳು. ಉಟ್ಟ ಬಟ್ಟೆ, ಎಮ್ಮೆ, ಹೊಲದ ಕಾಗದಪತ್ರ ಹಿಡಿದುಕೊಂಡು ಎಲ್ಲರೂ ಶಾಲೆಯ ಪರಿಹಾರ ಕೇಂದ್ರ ಸೇರಿದರು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಓಣಿಗೆ ಓಣಿಯೇ ಕೆಸರು. ಹಗುರವಾದ ಕೊಡ, ಬುಟ್ಟಿ, ಡಬ್ಬಿಗಳು ತೇಲಿಹೋಗಿ ಯಾರದೋ ಕಬ್ಬಿನ ತೋಟದಲ್ಲಿ ಸಿಕ್ಕವು. ಬೀಡಿನ ಹಂಚುಗಳು ಮಾತ್ರ ಬಿದ್ದ ಗೋಡೆಯ ಕೆಳಗೆ, ಇಟ್ಟಲ್ಲೇ ಇದ್ದವು. ಹುಡುಗರು ಅಗೆದು ಅಗೆದು ತಂದು ಹಣಮಪ್ಪನ ಗುಡಿ ಕಟ್ಟೆಯ ಮೇಲೆ ಒಟ್ಟಿದರು. ಎಲ್ಲ ಒಂದೇ ಬಣ್ಣ, ಕೆಸರಿನದು. ಎರಡು ದಿನಕ್ಕೆ ಎಲ್ಲಕ್ಕೂ ಇನ್ನೊಂದೇ ಬಣ್ಣ, ತುಕ್ಕಿನದು.

ಹಿತ್ತಾಳೆ, ಸ್ಟೀಲಿನ ಪಾತ್ರೆಗಳ ಹಂಚಿಕೆ ಸಲೀಸಾಗಿ ಮುಗಿಯಿತು. ಅವುಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರುತ್ತಾರಲ್ಲ, ಯಾರ ಮದುವೆಗೆ ಯಾರು ಕೊಟ್ಟದ್ದು ಎಂದು ಊರ ಮುಂದೆ ಓದಿ ಹೇಳಬಹುದು. ಹಂಚಿನ ಮೇಲೆ ಯಾರು ಹೆಸರು ಹಾಕಿಸುತ್ತಾರೆ? ಅದನ್ನು ಮದುವೆಯ ಮುಯ್ಯಿಗೆ ಕೊಡುವವರೂ ಇಲ್ಲ. ಸರಿ, ಜಗಳ ನೋಡಲು ನಾನು ಕುತೂಹಲದಿಂದ ಕಟ್ಟೆಯ ಅಂಚಿಗೆ ಕುಳಿತೆ. ಜಗಳವೇ ಆಗಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದರು. ಎತ್ತಿ ನೋಡಿದರು, ಬೆರಳಿನ ಗೆಣ್ಣಿನಿಂದ ಟಣ್ ಎನಿಸಿದರು, ಹೆಬ್ಬೆರಳು ಆಡಿಸಿದರು, ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಅವ್ವ ನಾಲ್ಕನ್ನು ಪಕ್ಕಕ್ಕಿಟ್ಟು ಐದನೆಯದನ್ನು ಎತ್ತಿ, “ಇದ ನಂದು” ಎಂದಳು.

“ಹೆಂಗ ಹೇಳತಿ ಅವ್ವಾ? ಕಿವಿ ಮುಕ್ಕಾಗಿದ್ದ ನೋಡೇನು?”

“ಕಿವಿ ಎಲ್ಲಾರ್ದೂ ಮುಕ್ಕಾಗಿರತಾವು. ಇಲ್ಲಿ ಮುಟ್ಟು. ಮುಕ್ಕಾದ ಕಿವಿ ಎಡಕ್ಕ ಮೂರು ಬೆರಳ ತೆಳ್ಳಗ ಐತಿ. ತಾಲಿಪಟ್ಟು ಇಲ್ಲೇ ಮೊದಲ ಕೆಂಪಾಗತೈತಿ.”

ಮುಟ್ಟಿದೆ. ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ. ಆದರೂ ಮಗನ ಕರ್ತವ್ಯವೆಂದು, “ಕೊಡು, ನಾ ಇದನ್ನ ಹೊಸಾದರಂಗ ಮಾಡಿ ಕೊಡತೀನಿ” ಎಂದೆ. ನನ್ನ ಜೀವನದಲ್ಲಿ ಬಾಯಿ ತಪ್ಪಿ ಆಡಿದ ಮಾತುಗಳಲ್ಲಿ ಇದಕ್ಕೆ ಒಳ್ಳೆಯ ಸ್ಥಾನವಿದೆ.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಚಿಕ್ಕೋಡಿಗೆ ಬಂದವನೇ ಓದಲು ಕುಳಿತೆ. ಅಮೆರಿಕದಲ್ಲಿ ಇದೊಂದು ದೊಡ್ಡ ಪಂಥವೇ ಇದೆ ಎಂದು ತಿಳಿಯಿತು. ಪೆನ್ಸಿಲ್ವೇನಿಯಾದ ಈರಿ ಎಂಬ ಊರಿನ ಗ್ರಿಸ್‌ವೋಲ್ಡ್, ಒಹಾಯೋದ ಸಿಡ್ನಿಯ ವ್ಯಾಗ್ನರ್ ಎಂಬ ಹಳೆಯ ಕಾರ್ಖಾನೆಗಳ ಬಾಣಲೆಗಳಿಗೆ ಅಲ್ಲಿ ಭಾರಿ ಬೆಲೆ. ಟೆನ್ನೆಸ್ಸಿಯ ಲಾಡ್ಜ್ ಎಂಬವರು 1896ರಲ್ಲಿ ಶುರುಮಾಡಿದ್ದು ಇವತ್ತಿಗೂ ಎರೆಯುತ್ತಿದ್ದಾರೆ. ಸಂಗ್ರಾಹಕರು ಬಾಣಲೆಯನ್ನು ಮೊದಲು ನೋಡುವುದು ಬೋರಲು ಹಾಕಿ: ಕೆಳಗೆ ಯಾವ ಹೆಸರಿದೆ, ಯಾವ ನಂಬರಿದೆ, ಎರಕ ಹೊಯ್ದ ಗಾಯದ ಗುರುತು ಎಲ್ಲಿದೆ ಎಂದು. ವಿನೆಗರಿನಲ್ಲಿ ನೆನೆಸುವವರಿದ್ದಾರೆ, ಸೋಡಾ ನೀರಿನಲ್ಲಿ ಮುಳುಗಿಸಿ ಬ್ಯಾಟರಿ ಚಾರ್ಜರಿನ ತಂತಿ ಜೋಡಿಸಿ ತುಕ್ಕು ಬಿಡಿಸುವವರಿದ್ದಾರೆ. ನಾನು ಅವ್ವನ ಹಂಚನ್ನು ಬೋರಲು ಹಾಕಿ ಉಜ್ಜಿ ಉಜ್ಜಿ ನೋಡಿದೆ. ‘ಕಿ’ ಎಂಬಂತೆ ಏನೋ ಕಂಡಿತು. ಕಿರ್ಲೋಸ್ಕರರೇ ಇರಬೇಕು ಎಂದು ಎದೆ ಹಾರಿತು. ಇನ್ನಷ್ಟು ಉಜ್ಜಿದೆ. ಅದು ಹತ್ತಿದ ಸಗಣಿ, ‘ಕಿ’ ಅಳಿಸಿಹೋಯಿತು.

ಬ್ಯಾಟರಿಯ ವಿದ್ಯೆ ಕೈಗೆ ಎಟುಕದ್ದು. ಅದಕ್ಕೆ ಹತ್ತಿರದ ದಾರಿ ಹಿಡಿದೆ. ಪರಿಚಯದ ಹುಡುಗನೊಬ್ಬ ಗೇಟು, ಕಿಟಕಿ ಮಾಡುವ ಫ್ಯಾಬ್ರಿಕೇಶನ್ ಶೆಡ್ಡು ಹಾಕಿದ್ದಾನೆ. ಅವನ ಗ್ರೈಂಡರ್ ಇಪ್ಪತ್ತು ನಿಮಿಷ ಕಿಡಿ ಕಾರಿತು. ಹಂಚು ಬೆಳ್ಳಿಯ ತಟ್ಟೆಯಂತೆ ಹೊಳೆಯತೊಡಗಿತು. ಮುಖ ನೋಡಿಕೊಂಡು ಕ್ರಾಪು ತೆಗೆಯಬಹುದಿತ್ತು. ಆ ಹೊತ್ತಿಗೆ ಅವ್ವನೂ ನಮ್ಮ ಮನೆಗೆ ಬಂದಿದ್ದಳು. ಪೇಪರಿನಲ್ಲಿ ಸುತ್ತಿ ತಂದು, ಬಿಚ್ಚಿ ಆಕೆಯ ಮುಂದಿಟ್ಟೆ.

“ಚಂದ ಐತಿ” ಎಂದಳು. “ಯಾರ್ದಿದು?”

“ನಿಂದ ಅವ್ವಾ!”

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಅಂಗೈಯನ್ನು ಅದರ ಮೇಲೆ ಒಂದು ಸುತ್ತು ಆಡಿಸಿ, “ನಮ್ಮ ಅತ್ತಿ ಕೈ ಇತ್ತಲ್ಲೋ ಇದರ ಮ್ಯಾಲ” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಶುರುವಾದದ್ದು ನನ್ನ ಶಾಲೆ. ಆಕೆ ಮಾಸ್ತರಳು, ನಾನು ವಿದ್ಯಾರ್ಥಿ. ತುಕ್ಕಿಗೆ ಗ್ರೈಂಡರ್ ಬೇಕಿಲ್ಲ ಎಂಬುದು ಮೊದಲ ಪಾಠ. ಹುಳಿ ಬೇಕು. ಅಮೆರಿಕದವರು ವಿನೆಗರ್ ಎನ್ನುವಲ್ಲಿ ಅವ್ವ ಹುಣಸೆಹಣ್ಣಿನ ಗಸಿ ಅಥವಾ ಹುಳಿ ಮಜ್ಜಿಗೆ ಎನ್ನುತ್ತಾಳೆ. ಬಳಿದು ಸ್ವಲ್ಪ ಹೊತ್ತು ಬಿಟ್ಟು, ಬೂದಿ ಮತ್ತು ತೆಂಗಿನ ನಾರಿನಿಂದ ತಿಕ್ಕಿದರೆ ತುಕ್ಕು ಬಿಡುತ್ತದೆ, ಕಪ್ಪು ಉಳಿಯುತ್ತದೆ. ತುಂಬ ಹೊತ್ತು ಬಿಟ್ಟರೆ ಹುಳಿ ಕಬ್ಬಿಣವನ್ನೇ ತಿನ್ನಲು ಹತ್ತುತ್ತದೆ. ತೊಳೆದ ಹಂಚನ್ನು ಒರೆಸಿದರೆ ಸಾಲದು, ಒಲೆಯ ಮೇಲಿಟ್ಟು ನೀರಿನ ಪಸೆ ಆರಿಸಬೇಕು.

ಎರಡನೆಯ ಪಾಠ ಎಣ್ಣೆಯದು. ನಾನು ಶೇಂಗಾ ಎಣ್ಣೆ ಹಿಡಿದು ನಿಂತಿದ್ದೆ. “ಅದು ಬ್ಯಾಡ, ಗಾಣದ ಕುಸುಬಿ ಎಣ್ಣಿ ತಾ” ಎಂದಳು. ಕಾರಣ ಕೇಳಿದರೆ, “ಶೇಂಗಾದ್ದು ಜಿಡ್ಡಾಗಿ ಉಳೀತೈತಿ, ಕುಸುಬಿದು ಹೆಪ್ಪಾಗತೈತಿ.” ಇದನ್ನು ಪರೀಕ್ಷಿಸಲೆಂದು ಮತ್ತೆ ಪುಸ್ತಕ ಹಿಡಿದೆ. ಅವ್ವ ಹೇಳಿದ್ದೇ ರಸಾಯನಶಾಸ್ತ್ರ. ಎಣ್ಣೆಗಳಲ್ಲಿ ಒಣಗುವ ಜಾತಿ, ಒಣಗದ ಜಾತಿ ಎಂದಿವೆ. ಅಗಸೆ ಒಣಗುವ ಜಾತಿಯ ಮುಂದಾಳು, ಚಿತ್ರಕಾರರ ಬಣ್ಣದಲ್ಲಿ ಇರುವುದು ಅದೇ. ಕುಸುಬೆ ಅದರ ಹಿಂದೆಯೇ ನಿಂತಿದೆ, ಅದನ್ನೂ ಬಣ್ಣಕ್ಕೆ ಬಳಸುತ್ತಾರೆ. ಹಂಚಿನ ಮೇಲೆ ತೆಳ್ಳಗೆ ಸವರಿ ಹೊಗೆಯಾಡುವಷ್ಟು ಕಾಯಿಸಿದರೆ ಗಾಳಿಯ ಆಮ್ಲಜನಕ ಸೇರಿ ಅದರ ಅಣುಗಳು ಒಂದಕ್ಕೊಂದು ಕೈ ಹಿಡಿದುಕೊಂಡು ಗಟ್ಟಿ ಪೊರೆಯಾಗುತ್ತವೆ. ಅದೇ ಆ ಕರಿ ಹೊಳಪು. ಅದು ಎಣ್ಣೆಯೂ ಅಲ್ಲ, ಕಬ್ಬಿಣವೂ ಅಲ್ಲ. ಹೋಳಿಗೆ, ದೋಸೆ, ತಾಲಿಪಟ್ಟುಗಳ ಲೆಕ್ಕದ ಪುಸ್ತಕ. ನಾನು ಇಪ್ಪತ್ತು ನಿಮಿಷದಲ್ಲಿ ಹರಿದು ಹಾಕಿದ್ದು ಅದನ್ನೇ.

ಅರ್ಧ ಉಳ್ಳಾಗಡ್ಡಿಗೆ ಚಮಚದ ಹಿಡಿ ಚುಚ್ಚಿ, ಅದನ್ನು ಎಣ್ಣೆಯಲ್ಲಿ ಅದ್ದಿ ಸವರುವುದು, ಕಾಯಿಸುವುದು, ಆರಿಸುವುದು. ಮತ್ತೆ ಸವರುವುದು. ಎಣ್ಣೆ ಹೆಚ್ಚಾದರೆ ಅಂಟಂಟು, ಕಡಿಮೆಯಾದರೆ ಮತ್ತೆ ತುಕ್ಕು. ನಾಲ್ಕನೆಯ ದಿನ ಹಾಕಿದ ಮೊದಲ ತಾಲಿಪಟ್ಟು ಹಂಚನ್ನು ಹಿಡಿದ ಹಿಡಿತ ನೋಡಿದರೆ ಬಾಡಿಗೆದಾರ ಮನೆ ಹಿಡಿದಂತಿತ್ತು. ಕೆರೆದು ಕೆರೆದು ಬಿಡಿಸಿ, ಖರ್ಡಾ ಹಚ್ಚಿಕೊಂಡು ತಿಂದೆವು. ಹಂಚನ್ನು ‘ಪಳಗಿಸುವುದು’ ಎನ್ನುತ್ತಾರಲ್ಲ, ಹೋರಿಗೂ ಹಂಚಿಗೂ ಒಂದೇ ಕ್ರಿಯಾಪದ ಏಕೆ ಎಂದು ನನಗೆ ಅಂದು ತಿಳಿಯಿತು. ಎರಡೂ ಮೊದಲು ಒದೆಯುತ್ತವೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೆಲಸ ಕಲಿತವನಿಗೆ ಒಂದೇ ಹಂಚು ಸಾಲುವುದಿಲ್ಲ. ನೆಪವೂ ಸಿಕ್ಕಿತು. ತಾಲಿಪಟ್ಟನ್ನು ಹಂಚಿನ ಮೇಲೆಯೇ ತಟ್ಟುವುದು ನಮ್ಮ ಮನೆಯ ಪದ್ಧತಿ, ಹಂಚು ಆರಿದ್ದರೆ ಮಾತ್ರ ಸಾಧ್ಯ. ಬೀಡು ಆರುವ ತನಕ ಕಾಯುತ್ತ ಕುಳಿತರೆ ಎರಡನೆಯವನಿಗೆ ಮಧ್ಯಾಹ್ನದ ಊಟದ ಹೊತ್ತಾಗುತ್ತದೆ. ಆದ್ದರಿಂದ ಎರಡು ಹಂಚು ಬೇಕೇಬೇಕು. ದೋಸೆ ಹಂಚಿನ ಮೇಲೆ ಚಪಾತಿ ಸುಟ್ಟರೆ ಮರುದಿನ ದೋಸೆ ಏಳುವುದಿಲ್ಲ ಎಂಬುದು ಕನ್ನಡನಾಡಿನ ಎಲ್ಲ ಅಡುಗೆಮನೆಗಳ ಕಾಯಿದೆ. ಆದ್ದರಿಂದ ಮೂರು. ಪಡ್ಡಿಗೆ ಗುಳಿಗಳಿರುವ ಹಂಚೇ ಬೇಕು, ನಾಲ್ಕು. ಹೀಗೆ ತರ್ಕಬದ್ಧವಾಗಿಯೇ ನಾನು ಹನ್ನೊಂದರ ತನಕ ಹೋದೆ.

ಭಂಗಾರದ ಅಂಗಡಿಯಲ್ಲಿ ಹಂಚು ಕೊಳ್ಳಲು ಅಭಿನಯ ಬೇಕು. ಬೇಕಾದದ್ದರ ಕಡೆ ನೋಡಿದರೆ ರೇಟು ಏರುತ್ತದೆ. ನಾನು ಮೊದಲು ಸೈಕಲ್ ರಿಮ್ಮು ತಿರುಗಿಸಿ ನೋಡುತ್ತಿದ್ದೆ, ಆಮೇಲೆ ಪಂಪಿನ ಭಾಗ, ಆಮೇಲೆ ಕಡಬಾ ಕತ್ತರಿಸುವ ಯಂತ್ರದ ಚಕ್ರ. ಆರು ತಿಂಗಳು ಈ ನಾಟಕ ನಡೆದ ಮೇಲೆ ಒಂದು ದಿನ ಅಂಗಡಿಯವ, “ಸರ, ರಿಮ್ ನೋಡೂದು ಸಾಕ ಮಾಡ್ರಿ. ನಿಮ್ಮ ಹಂಚು ಆ ಮೂಲ್ಯಾಗ ತಗದ ಇಟ್ಟೀನಿ” ಎಂದ. ಅವನ ಮಾಲೆಲ್ಲ ಕೊನೆಗೆ ಹೋಗುವುದು ಕೊಲ್ಹಾಪುರದ, ಬೆಳಗಾವಿಯ ಫೌಂಡ್ರಿಗಳ ಕುಲುಮೆಗೆ. ಅಲ್ಲಿ ಹಂಚು ಕರಗಿ ಪಂಪೋ ಎಂಜಿನ್ನಿನ ಭಾಗವೋ ಆಗುತ್ತದೆ. ಅದೇನು ದುರ್ಗತಿಯಲ್ಲ, ಆದರೂ ನಾಲ್ಕು ತಲೆಮಾರಿಗೆ ದೋಸೆ ಕೊಟ್ಟದ್ದು ಬೋರ್‌ವೆಲ್ಲಿನ ಬಾಯಿಗೆ ಹೋಗುವುದನ್ನು ನೋಡುತ್ತ ಕೂಡಲಾಗಲಿಲ್ಲ.

ಒಂದು ಬೆರಳಿನ ಮೇಲೆ ಕಿವಿ ತೂಗಿಸಿ ಕೀಲಿಕೈಯಿಂದ ತಟ್ಟಿದರೆ ಗಟ್ಟಿ ಹಂಚು ಟಣ್ ಎನ್ನುತ್ತದೆ, ಬಿರುಕಿದ್ದರೆ ಥಪ್. ಯಾವ ಮನೆಯಿಂದ ಬಂತು ಎಂದು ಅಂಗಡಿಯವ ಹೇಳಲಾಗದ ಹಂಚನ್ನು ನಾನು ತರುವುದಿಲ್ಲ. ಯಾರಾದರೂ ಅದರಲ್ಲಿ ಸೀಸ ಕರಗಿಸಿದ್ದರೆ ವಿಷ ಒಳಗೇ ಕುಳಿತಿರುತ್ತದೆ. ಗುಂಡು ಎರೆಯಲು, ಗಾಳದ ತೂಕ ಎರೆಯಲು ಬಾಣಲೆಯಲ್ಲೇ ಸೀಸ ಕಾಯಿಸುವ ರೂಢಿ ಅಮೆರಿಕದಲ್ಲಿ ಇದ್ದುದರಿಂದ ಅಲ್ಲಿನವರೂ ಇದಕ್ಕೆ ಅಂಜುತ್ತಾರೆ. ಸಂಬಂಧ ಬೆಳೆಸುವ ಮುಂಚೆ ಮನೆತನ ವಿಚಾರಿಸಬೇಕು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೀಗೆ ಮನೆತನ ವಿಚಾರಿಸುತ್ತ ನಮ್ಮ ಸುತ್ತಲಿನ ಐದು ತಾಲ್ಲೂಕು ತಿರುಗಿದೆ. ಮಾಘದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದಾಗ ಎತ್ತಿನ ಬಂಡಿಯ ಕೆಳಗೆ ಮೂರು ಕಲ್ಲಿನ ಒಲೆಯ ಮೇಲೆ ಒಂದು ಹಂಚು ಕಂಡು ಕಾಲು ನಿಂತುಬಿಟ್ಟವು. ಬೆಲೆ ಕೇಳಿದೆ. ಆ ತಾಯಿ ಹಂಚು ಕೊಡಲಿಲ್ಲ. ಅದರ ಮೇಲಿನದನ್ನು ಕೊಟ್ಟು, “ಉಣ್ಣು ಯಪ್ಪಾ, ಹಸದೀ ಅನಸತೈತಿ” ಎಂದಳು. ಮಂಗಸೂಳಿಯಲ್ಲಿ ಒಂದು ಸಿಕ್ಕಿತು, ಹಂದಿ ತಡೆಯಲು ಗಟಾರದ ಬಾಯಿಗೆ ಮುಚ್ಚಿದ್ದರು. ನಿಪ್ಪಾಣಿಯ ಹಳೆಯ ವಾಡೆಯೊಂದರಿಂದ ಬಂದದ್ದಂತೂ ಎರಡು ಕೈಯಲ್ಲಿ ಎತ್ತಬೇಕಾದ ಗಾತ್ರದ್ದು. ಏಕಕಾಲಕ್ಕೆ ನಾಲ್ಕು ಹೋಳಿಗೆ ಬೇಯುತ್ತವೆ. ಬಸ್ಸಿನಲ್ಲಿ ಅದಕ್ಕೂ ಟಿಕೆಟ್ ತೆಗೆಯಬೇಕಾಯಿತು.

ಅಥಣಿಯಲ್ಲಿ ಹಂಚಿಗಿಂತ ದೊಡ್ಡ ಲಾಭವಾಯಿತು. ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಜಗತ್ತು ಸುತ್ತುವ ಚಪ್ಪಲಿಗಳಲ್ಲಿ ಎಷ್ಟೋ ಅಥಣಿಯ ಕೈಯವು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಅಲ್ಲಿ ಚಪ್ಪಲಿ ಹೊಲಿಯುತ್ತ ಕುಳಿತ ಹಿರಿಯರೊಬ್ಬರ ಎದುರು ತುಕ್ಕಿನ ಹಂಚು ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದೆ. “ತೊಗಲಿನ ಹತ್ರ ಇಡಬ್ಯಾಡ್ರಿ ಮಾಸ್ತರ, ಹಸಿ ತೊಗಲಿಗೆ ಕಬ್ಬಿಣ ಹತ್ತಿದ್ರ ಕರೀ ಕಲಿ ಬೀಳತಾವು” ಎಂದರು. ತೊಗಲು ಹದ ಮಾಡುವುದು ಅಳಲೆಕಾಯಿ, ಜಾಲಿ ತೊಗಟೆಗಳಿಂದ. ಅವುಗಳ ಒಗರಿಗೆ ಕಬ್ಬಿಣ ಸೇರಿದರೆ ಮಸಿ. ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದದ್ದೂ ಅಳಲೆ ಮತ್ತು ಅನ್ನಭೇದಿಯಿಂದಲೇ. “ಹಂಗಿದ್ರ ತುಕ್ಕಿನ ಹಂಚಿಗೆ ಒಗರು ಹಚ್ಚಿದ್ರ?” ಎಂದೆ. ಅವರು ನಕ್ಕು, “ಚಾದ ಚರಟಾ ಹಾಕಿ ಕುದಸರಿ” ಎಂದರು. ಕುದಿಸಿದೆ. ಬಿಡದೆ ಉಳಿದಿದ್ದ ಸಣ್ಣ ತುಕ್ಕಿನ ಕಲೆಗಳೆಲ್ಲ ಕಪ್ಪಿಗೆ ತಿರುಗಿದವು. ನಮ್ಮ ಮನೆಯಲ್ಲಿ ಈಗ ಚಹಾದ ಚರಟಕ್ಕೆ ಏಲಕ್ಕಿಗಿಂತ ಹೆಚ್ಚಿನ ಮರ್ಯಾದೆ.

ಹನ್ನೊಂದಾದ ಮೇಲೆ ಒಂದು ಸತ್ಯ ಗೋಚರಿಸಿತು. ಅಂಚೆಚೀಟಿ ಸಂಗ್ರಹಿಸಿದವನು ದಿನಾ ಪತ್ರ ಬರೆಯಬೇಕಿಲ್ಲ, ಹಳೆಯ ನಾಣ್ಯ ಕೂಡಿಟ್ಟವನು ಅದನ್ನು ಹಿಡಿದು ಸಂತೆಗೆ ಹೋಗಬೇಕಿಲ್ಲ. ಹಂಚು ಹಾಗಲ್ಲ. ಒಲೆ ಕಾಣದ ಹಂಚು ನಮ್ಮ ಮಳೆಗಾಲದಲ್ಲಿ ಹದಿನೈದೇ ದಿನಕ್ಕೆ ಕೆಂಪು ಉಗುಳತೊಡಗುತ್ತದೆ. ಅಂದರೆ ಸಂಗ್ರಹ ಉಳಿಯಬೇಕಾದರೆ ಸಂಗ್ರಾಹಕ ಉಣ್ಣುತ್ತಲೇ ಇರಬೇಕು. ನಾನು ಹಳೆಯ ಅಭ್ಯಾಸದಂತೆ ರಟ್ಟಿನ ಮೇಲೆ ವೇಳಾಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಸೋಮವಾರ ಹಂಚು ಒಂದು ಮತ್ತು ಎರಡು, ದೋಸೆ. ಮಂಗಳವಾರ ಮೂರು, ಪಡ್ಡು. ಬುಧವಾರ ನಿಪ್ಪಾಣಿಯ ದೊಡ್ಡಪ್ಪ, ಹೋಳಿಗೆ. ಒಂದು ತಿಂಗಳಲ್ಲಿ ಹಂಚುಗಳು ಹೊಳೆದವು, ನಾನು ನಾಲ್ಕು ಕಿಲೋ ಏರಿದೆ, ಡಾಕ್ಟರರು ಪಟ್ಟಿ ಹಿಡಿದು ತಲೆ ಅಲ್ಲಾಡಿಸಿದರು. ನಮ್ಮ ಮನೆಯಾಕೆ ವೇಳಾಪಟ್ಟಿ ಹರಿದು ಒಲೆಗಿಟ್ಟು, “ಶಾಲಿ ಬಿಟ್ಟರೂ ಟೈಮ್‌ಟೇಬಲ್ ಬಿಡಲಿಲ್ಲ ನೀವು. ನಾಗರ ಪಂಚಮಿ ಒಂದ ದಿನರ ಸುಖಾ ಕೊಡತೈತಿ ನನಗ” ಎಂದಳು. ಪಂಚಮಿಯಂದು ಒಲೆಯ ಮೇಲೆ ಹಂಚು ಇಡುವಂತಿಲ್ಲ. ಅದು ನಾಗಪ್ಪನ ಹೆಡೆಯಂತೆ ಎಂಬ ನಂಬಿಕೆ. ಅಂದು ಕಡಬು, ಉಂಡೆಗಳದೇ ರಾಜ್ಯ.

ಆ ಪಂಚಮಿಯ ಮಧ್ಯಾಹ್ನ ನಾನು ಹನ್ನೊಂದನ್ನೂ ಪಡಸಾಲೆಯಲ್ಲಿ ಸಾಲಾಗಿ ಇಟ್ಟುಕೊಂಡು ಕುಸುಬೆ ಎಣ್ಣೆ ಸವರುತ್ತಿದ್ದೆ. ಅವ್ವ ಉಂಡೆ ಮುರಿಯುತ್ತ ನೋಡುತ್ತಿದ್ದಳು.

“ಮಾಸ್ತರಾ, ಇವಕ್ಕ ಏನಂತಾರೋ?”

“ಹಂಚು ಅಂತಾರ.”

“ಹೂಂ. ಮತ್ತ ಹಂಚು!”

ಮೂವತ್ತೊಂದು ವರ್ಷ ನಾಮಪದ, ಕ್ರಿಯಾಪದ ಎಂದು ಹಲಗೆ ಸವೆಸಿದವನು ನಾನು. ಶಾಲೆಯ ಕಟ್ಟೆ ಹತ್ತದ ಮುದುಕಿ ಎರಡಕ್ಷರದಲ್ಲಿ ಎರಡನ್ನೂ ಮುಗಿಸಿ ಮತ್ತೆ ಉಂಡೆಯ ಕಡೆ ತಿರುಗಿದಳು.

ಹಂಚಿದೆ. ಕಾಗವಾಡಕ್ಕೆ ಮದುವೆಯಾಗಿ ಹೋದ ತಮ್ಮನ ಮಗಳ ಮನೆಯಲ್ಲಿ ನಾನ್‌ಸ್ಟಿಕ್ ತವಾದ ಕರಿ ಪದರು ಚಕ್ಕೆ ಎದ್ದಿತ್ತು, ಗಟಾರದಿಂದ ಎತ್ತಿದ್ದು ಆಕೆಗೆ ಹೋಯಿತು. ಪೂರ್ವಾಶ್ರಮ ಮಾತ್ರ ಹೇಳಲಿಲ್ಲ. ಪಡ್ಡಿನ ಹಂಚು ನಮ್ಮ ಓಣಿಯಲ್ಲಿ ಬಾಡಿಗೆಗಿರುವ ಹೊಸ ಮಾಸ್ತರನಿಗೆ. ನಿಪ್ಪಾಣಿಯ ದೊಡ್ಡಪ್ಪ ಒಬ್ಬ ಅಕ್ಕನ ಖಾನಾವಳಿ ಸೇರಿ ದಿನಕ್ಕೆ ನೂರು ದೋಸೆ ಎಬ್ಬಿಸುತ್ತಿದ್ದಾನೆ. ರಾಯಬಾಗದ ನಾದಿನಿಗೆ ಮೊದಲೇ ಫೋನ್ ಮಾಡಿ, “ನಿನಗ ಅಂತ ಮೂರು ಕಿಲೋ ಬಂಗಾರ ತರಾಕತ್ತೀನಿ” ಎಂದೆ. ಆಕೆ ಓಣಿಗೆಲ್ಲ ಹೇಳಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಚೀಲ ಬಿಚ್ಚಿದ ಮೇಲೆ ಆಕೆಯ ಮುಖದಲ್ಲಿ ನಾನು ಮಹಾಪ್ರಾಣವನ್ನು ಕಣ್ಣಾರೆ ಕಂಡೆ.

ಶರತ್ತು ನಾಲ್ಕೇ. ವಾರಕ್ಕೊಮ್ಮೆಯಾದರೂ ಒಲೆ ಹತ್ತಿಸಬೇಕು. ನೀರಿನಲ್ಲಿ ನೆನೆಹಾಕಬಾರದು. ಕಾದದ್ದಕ್ಕೆ ತಣ್ಣೀರು ತೋರಿಸಬಾರದು. ಯಾವಾಗಲಾದರೊಮ್ಮೆ ನಾನು ತಪಾಸಣೆಗೆ ಬರುತ್ತೇನೆ, ಬರಿಗೈಯಲ್ಲಿ ಕಳಿಸಬಾರದು. ಹಿಂದೆ ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರೆ ನಾವು ಉಪ್ಪಿಟ್ಟು ಮಾಡಿಸುತ್ತಿದ್ದೆವು. ಆ ಋಣ ಈಗ ನನಗೆ ಹತ್ತು ಮನೆಗಳಲ್ಲಿ ತೀರುತ್ತಿದೆ. ಹಂಚು ಬೋರಲು ಹಾಕಿ ಹೆಸರು ಹುಡುಕುವುದನ್ನು ಬಿಟ್ಟಿದ್ದೇನೆ. ಮೇಲೆ ಏನು ಬೇಯುತ್ತಿದೆ ಎಂದಷ್ಟೇ ನೋಡುತ್ತೇನೆ.

ನನ್ನಲ್ಲಿ ಉಳಿದದ್ದು ಒಂದೇ, ನಾನೇ ಕೆಡಿಸಿದ್ದು. ಗ್ರೈಂಡರಿನ ಗೀರುಗಳು ಮುಚ್ಚಲು ವರ್ಷಗಳೇ ಬೇಕಾದವು. ಕರಿ ಬಣ್ಣ ಬಂದಿದೆ, ಅವ್ವನ ಅತ್ತೆಯ ಕಾಲದ್ದಲ್ಲ, ನಮ್ಮ ಕಾಲದ್ದು. ಮೊನ್ನೆ ಭಾನುವಾರ ತಾಲಿಪಟ್ಟು ತಟ್ಟಿ, ನಡುವಿನ ತೂತುಗಳಿಗೆ ಎಣ್ಣೆ ಬಿಟ್ಟು, ಮುಚ್ಚಳ ತೆಗೆದು ನೋಡುತ್ತೇನೆ: ಅಂಚು ಎಲ್ಲ ಇನ್ನೂ ಬೆಳ್ಳಗಿದೆ, ಮುಕ್ಕಾದ ಕಿವಿಯ ಎಡಕ್ಕೆ ಮಾತ್ರ ಮೂರು ಬೆರಳಗಲ ಕೆಂಪೇರಿದೆ. ಮೇಲಿನ ಕಪ್ಪನ್ನಷ್ಟೇ ನಾನು ಉಜ್ಜಿದ್ದು. ಎರಕ ಹೊಯ್ದ ದಿನವೇ ಆ ಜಾಗ ತೆಳ್ಳಗಾಗಿ ಕೂತಿತ್ತು. ಗ್ರೈಂಡರಿನ ಕೈಗೆ ಅದು ಸಿಕ್ಕಿರಲೇ ಇಲ್ಲ. ಆನಂದ ತಡೆಯದೆ ಅವ್ವನನ್ನು ಕೈ ಹಿಡಿದು ಒಲೆಯ ತನಕ ಕರೆತಂದೆ.

“ಅವ್ವಾ, ನೋಡು! ಅಲ್ಲೇ ಕೆಂಪಾಗೇತಿ. ನಿಮ್ಮ ಅತ್ತಿ ಕೈ ಹೋಗಿಲ್ಲ!”

ಕಣ್ಣು ಮಂಜಾದ ಆಕೆ ಬಾಗಿ, ಮೂಗಿನಿಂದ ಒಮ್ಮೆ ಎಳೆದು ನೋಡಿದಳು.

“ಹೊತ್ತಾಕತ್ತೇತಿ. ಮಗಚು” ಎಂದಳು.